ತಣಿಯದ ಮನೆ

ಇದು ಮನೆಗೊಬ್ಬ ಉರಿಮುಡಿಯಮ್ಮ ಬಂದು ಇಳಿದುಕೊಂಡ ಕಾಲದ ಮಾತು. ಅದಕ್ಕೆ ಮುಂಚೆ ಟೀವಿಯ ಧಾರಾವಾಹಿ ಊರಿಗೆಲ್ಲ ಒಂದೇ ಆಗಿರುತ್ತಿತ್ತು. ಮೇಲಿನ ಕೇರಿಯವರು ನೋಡಿದ ಕೆಟ್ಟ ಅತ್ತೆಯೇ ಕೆಳಗಿನ ಕೇರಿಯವರಿಗೂ ಕೆಟ್ಟ ಅತ್ತೆ. ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಸಾಲಿಗಿಟ್ಟು ಎಲ್ಲರೂ ಸೇರಿ ಅವಳನ್ನು ಬೈಯಬಹುದಿತ್ತು. 'ಉರಿಮುಡಿ' ಧಾರಾವಾಹಿ ಬಂದ ಮೇಲೆ ಆ ಸುಖ ತಪ್ಪಿಹೋಯಿತು. ನಿನ್ನೆ ನಿಮ್ಮ ಮನೆಯ ಉರಿಮುಡಿಯಮ್ಮ ಯಾರನ್ನು ಸುಟ್ಟಳು ಎಂದು ಕೇಳಿದರೆ, ಹೆಂಗಸರು ಸೆರಗಿನಿಂದ ಬಾಯಿ ಒರೆಸಿಕೊಂಡು ಬೇರೆ ಮಾತು ತೆಗೆಯುತ್ತಿದ್ದರು. ಯಾಕೆಂದರೆ ಒಂದು ಮನೆಯಲ್ಲಿ ಬಂದ ಕಥೆ ಇನ್ನೊಂದು ಮನೆಯಲ್ಲಿ ಬರುತ್ತಿರಲಿಲ್ಲ.

ತೊರೆಹುಂಡಿಯ ದೊಡ್ಡತಾಯಮ್ಮ ಸಂಜೆ ದೀಪ ಹಚ್ಚಿ, ಏರಿಮಾರಮ್ಮನ ಪಟಕ್ಕೆ ಕೈಮುಗಿದು, ಆಮೇಲೆ ಗೋಡೆಗೆ ಒರಗಿ ಟೀವಿ ಹಾಕುತ್ತಿದ್ದಳು. ಟೀವಿಯ ಕೆಳಗೆ ಅಂಗೈಯಷ್ಟಗಲದ ಒಂದು ಡಬ್ಬಿ. ಅದರ ಹೆಸರು ಎದೆಗನ್ನಡಿ. ಅದರಲ್ಲೊಂದು ಪುಟ್ಟ ದೀಪ; ಏಳೂವರೆಗೆ ಕೆಂಪಗೆ ಹೊತ್ತಿಕೊಂಡರೆ ಏಳು ಐವತ್ತರ ಹೊತ್ತಿಗೆ ಹಸಿರಾಗುತ್ತಿತ್ತು. ಅರವತ್ತಾರು ವರ್ಷದ ಆ ಮುದುಕಿ ಆಮೇಲೆ ಮುದ್ದೆ ಉಂಡು, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದಳು. ಆಸ್ಪತ್ರೆಯ ನರ್ಸಮ್ಮ ಬಿ.ಪಿ. ಮಾತ್ರೆಯನ್ನು ಅರ್ಧಕ್ಕೆ ಇಳಿಸಿ ಹೋಗಿದ್ದಳು.

ಮಗಳು ಚೆಲುವಾಂಬೆಗೆ ಇದೆಲ್ಲ ತಾಯಿಯ ಬಾಯಿಂದ ಕೇಳಿದ ಮಾತೇ ಹೊರತು ಕಣ್ಣಾರೆ ಕಂಡದ್ದಲ್ಲ. ಆ ಹೊತ್ತಿನಲ್ಲಿ ಅವಳು ಮೈಸೂರಿನ ಅಂಚಿನಲ್ಲಿದ್ದ 'ಉರಿಮುಡಿ'ಯ ಕಂಟ್ರೋಲ್ ರೂಮಿನಲ್ಲಿರುತ್ತಿದ್ದಳು. ಅವಳ ಅಪ್ಪ ಊರೂರು ತಿರುಗಿ ರಾತ್ರಿಯಿಡೀ ಕಥೆ ಹಾಡುತ್ತಿದ್ದವನು. ಪಾಪಿಗಳಿಗೆ ದೇವರು ಕೊಟ್ಟ ಶಿಕ್ಷೆಗಳು ನೂರಾರು ಅವಳಿಗೆ ಬಾಯಿಪಾಠ. ಅದಕ್ಕಾಗಿಯೇ ಕಂಪನಿಯವರು ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಉರಿಮುಡಿಯಮ್ಮ ಕೊಡುವ ಶಿಕ್ಷೆಗಳನ್ನು ಬರೆದು, ಕಥೆ ಕಟ್ಟುವ ಯಂತ್ರಕ್ಕೆ ಉಣಿಸುವುದು ಅವಳ ಕೆಲಸ.

ಆ ಶುಕ್ರವಾರ ಅವಳ ರಜೆ ಅದಲುಬದಲಾಗಿ, ಮೊದಲ ಸಲ ಏಳೂವರೆಗೆ ತಾಯಿಯ ಪಕ್ಕ ಕೂತಳು.

ಪರದೆಯ ಮೇಲೆ ಒಂದು ಜೋಳದ ಹೊಲ. ಅದರ ಸುತ್ತ ತಂತಿಬೇಲಿ. ಮುಡಿಯೆಲ್ಲ ಬೆಂಕಿಯಾದ ಉರಿಮುಡಿಯಮ್ಮ ಗಾಳಿಯಲ್ಲಿ ನಿಂತಿದ್ದಳು. ಅನ್ಯಾಯವಾಗಿ ಸತ್ತ ಹೆಣ್ಣು, ಸತ್ತ ಮೇಲೆ ಶಕ್ತಿಯಾಗಿ, ಲೋಕದ ಅನ್ಯಾಯಗಾರರನ್ನು ಹುಡುಕಿ ಹೊರಟವಳು. ಅವಳ ಕಾಲಬುಡದಲ್ಲಿ ಒಬ್ಬ ಸಣಕಲ ಗಂಡಸು. ಎಡ ಹೆಗಲ ಮೇಲೆ ಟವೆಲು. ಹುಬ್ಬಿನ ನಡುವೆ ಒಂದು ಗಾಯದ ಗುರುತು. ಎಡಗೈಯ ಕಿರುಬೆರಳು ಸೊಟ್ಟ.

"ನೀನು ಕಟ್ಟಿದ ಬೇಲಿ. ನೀನೇ ಮುಟ್ಟು," ಎಂದಳು ಉರಿಮುಡಿಯಮ್ಮ.

ಅವನು ಮುಟ್ಟಿದ. ದೊಡ್ಡತಾಯಮ್ಮನ ಎದೆಯಿಂದ ಒಂದು ಉದ್ದನೆಯ ಉಸಿರು ಹೊರಬಿತ್ತು. ಡಬ್ಬಿಯ ದೀಪ ಹಸಿರಾಯಿತು.

ಚೆಲುವಾಂಬೆ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಅವ್ವ, ಇವನು ಗುರುಸಿದ್ದ ಅಲ್ವಾ?"

"ಊಂ. ಮೊದ್ಲು ಮೊದ್ಲು ಯಾರೋ ದಪ್ಪ ಮೀಸೆ ಗೌಡ ಬತ್ತಿದ್ದ. ಬರ್ತಾ ಬರ್ತಾ ಇವನಂಗೇ ಆದ. ಮುದ್ದೆ ಇಕ್ಕಲಾ?"

"ದಿನಾ ಇವನೇನಾ?"

"ದಿನಾ ಸಾಯ್ತನೆ, ದಿನಾ ಬತ್ತನೆ. ನಿನ್ ಕೆಲ್ಸ ಒಳ್ಳೇದು ಕನವ್ವ. ಪುಣ್ಯದ ಕೆಲ್ಸ."

ಗುರುಸಿದ್ದ ಕಥೆಯವನಲ್ಲ. ಇದೇ ಊರಿನವನು, ಚೆಲುವಾಂಬೆಯ ತಮ್ಮ ಶಿವಸ್ವಾಮಿಯ ಜೊತೆಯಲ್ಲಿ ಬೆಳೆದವನು. ಐದು ವರ್ಷದ ಹಿಂದೆ, ಕಾಡುಹಂದಿ ನುಗ್ಗದ ಹಾಗೆ ತನ್ನ ಹೊಲದ ಬೇಲಿಗೆ ಕಳ್ಳ ಕರೆಂಟು ಕೊಟ್ಟಿದ್ದ. ತಪ್ಪಿಸಿಕೊಂಡ ಹಸು ಹುಡುಕಿಕೊಂಡು ಹೋದ ಶಿವಸ್ವಾಮಿ ಬೇಲಿ ಮುಟ್ಟಿ ಸತ್ತ. ಅದು ಕೈತಪ್ಪಿ ಆದದ್ದು ಎನ್ನೋಣ. ಆದರೆ ಗುರುಸಿದ್ದ ಬೆಳಗಾಗುವುದರೊಳಗೆ ತಂತಿ ಸುತ್ತಿ ಬಾವಿಗೆ ಹಾಕಿ, ಹಾವು ಕಚ್ಚಿತು ಎಂದು ಕೂಗಿಕೊಂಡು, ಎಲ್ಲರಿಗಿಂತ ಮೊದಲು ಬಂದು ಹೆಣದ ಮೇಲೆ ಬಿದ್ದು ಅತ್ತಿದ್ದ. ಮೂರು ದಿನ ಈ ಮನೆಯ ಜಗಲಿಯಲ್ಲೇ ಕೂತು ದೊಡ್ಡತಾಯಮ್ಮನಿಗೆ ಗಂಜಿ ಕುಡಿಸಿದ್ದ. ನಾಲ್ಕನೆಯ ದಿನ ಪೊಲೀಸರು ಬಾವಿಯಿಂದ ತಂತಿ ಎತ್ತಿದರು. ದೊಡ್ಡತಾಯಮ್ಮನಿಗೆ ಬೇಲಿಗಿಂತ ಆ ಗಂಜಿಯೇ ಹೆಚ್ಚು ಸುಟ್ಟಿತ್ತು.

ಈಗ ಅವನು ಜೈಲಿನಲ್ಲಿದ್ದ. ಹಾಗಾದರೆ ಟೀವಿಯಲ್ಲಿ ಸಾಯುತ್ತಿದ್ದವನು ಯಾರು ಎಂಬುದು ಚೆಲುವಾಂಬೆಗೆ ಹೊಳೆಯಲಿಲ್ಲ. ಅವಳು ಯಾರಿಗೂ ಗುರುಸಿದ್ದನ ಹೆಸರು ಹೇಳಿರಲಿಲ್ಲ. ತಾನು ಮಾಡಿದ ಸಾಧನವನ್ನು ತಾನೇ ಮುಟ್ಟಬೇಕು ಎಂಬ ಶಿಕ್ಷೆಯನ್ನು ಮಾತ್ರ ಬರೆದವಳು ಅವಳೇ, ಅಪ್ಪನ ಹಳೆಯ ಕಥೆಯೊಂದರಿಂದ ತೆಗೆದು.

*

ಕಂಟ್ರೋಲ್ ರೂಮು ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಶೆಡ್ಡು. ಈಗ ಅಲ್ಲಿ ಮೈ ನಡುಗಿಸುವ ಏ.ಸಿ. ಚಳಿ, ಹೆಂಗಸರೆಲ್ಲ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಗೋಡೆಯ ತುಂಬ ಕೆಂಪು ಚುಕ್ಕಿಗಳು, ಊರೂರಿನ ಮನೆಗಳವು. ಏಳೂವರೆಯಿಂದ ಅವು ಒಂದೊಂದಾಗಿ ಹಸಿರಾಗುತ್ತ ಬಂದು, ಎಂಟು ಗಂಟೆಗೆ ಗೋಡೆಯೆಲ್ಲ ಮಳೆ ಬಿದ್ದ ಹುಲ್ಲುಗಾವಲಿನಂತೆ ಕಾಣುತ್ತಿತ್ತು. ಹಾಗಾಗದೆ ಉಳಿದ ಚುಕ್ಕಿಗಳಿಗೆ 'ತಣಿಯದ ಮನೆ' ಎಂದು ಹೆಸರು. ಆ ಮನೆಗಳಿಗೆ ಶಿಕ್ಷೆಯನ್ನು ಇನ್ನೊಂದು ಮೆಟ್ಟಿಲು ಏರಿಸಬೇಕು.

ಇದನ್ನೆಲ್ಲ ಕಟ್ಟಿದವನು ವಿಶ್ವಂಭರ. ಐವತ್ತು ದಾಟಿದ ಎಂಜಿನಿಯರು, ಮೃದು ಮಾತಿನವನು. ಚೆಲುವಾಂಬೆ ಮರುದಿನ ಟೀ ಹೊತ್ತಿನಲ್ಲಿ ಅವನ ಮೇಜಿನ ಮುಂದೆ ನಿಂತಳು.

"ಸರ್, ನಮ್ಮನೆಗೆ ಹೋಗೋ ಕಥೇಲಿ ಸಾಯ್ತಿರೋನು ನಿಜವಾಗ್ಲೂ ಇದಾನೆ."

"ಇರಲಾರ ಚೆಲುವಾಂಬೆ ಅವರೇ. ಎಲ್ಲಾ ಮುಖಾನೂ ಯಂತ್ರ ಕಲಸಿದ್ದು. ನಟರಿಗೆ ಕೈಮುಗಿದು ಕಳಿಸಿ ಒಂದು ವರ್ಷ ಆಯ್ತು."

"ಕಿರುಬೆರಳು ಸೊಟ್ಟ ಇದೆ ಸರ್. ನೇರಳೆ ಮರದಿಂದ ಬಿದ್ದು ಮುರ್ಕೊಂಡಿದ್ದು. ನನ್ ತಮ್ಮನೇ ಅವನನ್ನ ಹೊತ್ಕೊಂಡು ಬಂದಿದ್ದ."

ವಿಶ್ವಂಭರ ಕನ್ನಡಕ ತೆಗೆದು ಒರೆಸಿದ. "ನಿಮ್ಮ ಅಜ್ಜಿ ಬೆನ್ನು ತುರಿಸು ಅಂತ ಕೂರಿಸ್ಕೋತಿದ್ರಾ? ಇನ್ನೂ ಕೆಳಗೆ, ಒಸಿ ಎಡಕ್ಕೆ, ಹಾಂ ಅಲ್ಲೇ ಅಂತ? ಎದೆಗನ್ನಡಿ ಮಾಡೋದು ಅಷ್ಟೇ. ಅದಕ್ಕೆ ಕಣ್ಣಿಲ್ಲ. ಕೂತವರ ಉಸಿರು, ನಾಡಿ, ಮುಖದ ಬಿಸಿ ಇಷ್ಟನ್ನ ರೇಡಿಯೋ ಅಲೆಯಲ್ಲಿ ಮುಟ್ಟಿ ನೋಡುತ್ತೆ. ಯಂತ್ರ ಮೀಸೆ ತೆಗೆದು ನೋಡುತ್ತೆ. ನಾಡಿ ಏರಿದ್ರೆ ಮೀಸೆ ಇಲ್ಲ. ಟವೆಲು ಹಾಕಿ ನೋಡುತ್ತೆ. ಏರಿದ್ರೆ ಟವೆಲು ಇರಲಿ. ಹೊಲ, ಬೇಲಿ, ಬೆರಳು, ಎಲ್ಲಾ ಹಾಗೇ. ಆ ಮುಖಾನ ನಾವು ಬರೀಲಿಲ್ಲ. ನಿಮ್ಮ ತಾಯಿ ಬರೆದದ್ದು, ಉಸಿರಲ್ಲಿ."

"ಇದು ಸರೀನಾ ಸರ್?"

"ಯಾರಿಗೆ ನೋವಾಯ್ತು ಹೇಳಿ. ಆ ಮನುಷ್ಯ ಎಲ್ಲಿದಾನೋ ಅಲ್ಲೇ ಸುಖವಾಗಿದಾನೆ. ನಿಮ್ಮ ತಾಯಿ ನಿದ್ದೆ ಮಾಡ್ತಿದಾರೆ. ಕೊಡಲಿ ತಗೊಂಡು ಎದ್ದು ಹೋಗೋ ಸಿಟ್ಟೆಲ್ಲಾ ಇಲ್ಲಿ ಕರಗ್ತಾ ಇದೆ."

"ನಿಮ್ಮನೇಲಿ ಯಾರು ಸಾಯ್ತಾರೆ ಸರ್?"

ವಿಶ್ವಂಭರ ಟೀ ಲೋಟದೊಳಗೆ ನೋಡಿದ. "ನಮ್ಮನೇಲಿ ಡಬ್ಬಿ ಇಲ್ಲ," ಎಂದ.

ತನ್ನ ಜಾಗಕ್ಕೆ ಬಂದು ಕೂತ ಚೆಲುವಾಂಬೆಗೆ ಅವನ ಮಾತಿನಲ್ಲಿ ತಪ್ಪೇನೂ ಹುಡುಕಲಾಗಲಿಲ್ಲ. ತಪ್ಪಿಲ್ಲದ ಮಾತು ಯಾಕೆ ಮನಸ್ಸಿಗೆ ಒಪ್ಪುತ್ತಿಲ್ಲ ಎಂದು ಅವಳು ಏರಿಮಾರಮ್ಮನನ್ನೇ ಒಳಗೊಳಗೆ ಕೇಳಿದಳು. ಏರಿಮಾರಮ್ಮ ಕೆರೆ ಏರಿಯ ಮೇಲಿನ ದೇವತೆ. ಅವಳ ಉತ್ತರ ಏಳೂವರೆಗೆ ಬರುವಂಥದ್ದಲ್ಲ.

*

ತಿಂಗಳು ಕಳೆದು, ಒಂದು ಭಾನುವಾರ ಬೆಳಿಗ್ಗೆ ಏರಿಮಾರಮ್ಮನ ಪೂಜಾರಿ ತಮ್ಮಡಿ ಸಣ್ಣಯ್ಯ ಜಗಲಿಯ ಮೇಲೆ ಬಂದು ಕೂತ. ಎಲೆಅಡಿಕೆ ಹಾಕಿಕೊಂಡ. ಮಳೆ, ಬೆಳೆ, ಕಾಲುನೋವು ಎಲ್ಲ ಮಾತಾಡಿದ. ಆಮೇಲೆ ಹೇಳಿದ:

"ತಾಯಮ್ಮ, ಗುರುಸಿದ್ದ ಬಿಡುಗಡೆಯಾಗಿ ಬಂದವ್ನೆ. ಮಂಗಳವಾರ ತಪ್ಪುಕಾಣಿಕೆ ತತ್ತೀನಿ ಅಂದ. ನೀನು ಬಂದು ನಿನ್ ಕೈಯಾರೆ ಹುಯಿಲು ಬಿಚ್ಚಿದ್ರೆ, ಅವನಿಗೂ ಒಂದು ದಾರಿ ಆಯ್ತದೆ."

ಆ ಸೀಮೆಯ ಪದ್ಧತಿ ಹೀಗೆ. ಅನ್ಯಾಯವಾದವರು, ಸತ್ತವರ ಬಟ್ಟೆಯ ತುಂಡಿನಲ್ಲಿ ಅನ್ಯಾಯ ನಡೆದ ಜಾಗದ ಒಂದು ಹಿಡಿ ಮಣ್ಣು ಹಾಕಿ, ಗಂಟು ಬಿಗಿದು, ಏರಿಮಾರಮ್ಮನ ಬೇವಿನ ಮರಕ್ಕೆ ಕಟ್ಟುತ್ತಾರೆ. ಅದು ಹುಯಿಲು. ಗಂಟು ಇರುವವರೆಗೆ ಅಮ್ಮ ಕಣ್ಣು ಮುಚ್ಚುವುದಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಆಯಿತೆಂದು ಕಟ್ಟಿದವರಿಗೆ ಅನ್ನಿಸಿದರೆ ಗಂಟು ಬಿಚ್ಚಿ ಕೆರೆಗೆ ಬಿಡುತ್ತಾರೆ. ಇಲ್ಲ, ತಪ್ಪು ಮಾಡಿದವನೇ ಕಾಣಿಕೆ ಹಿಡಿದು ಬಂದು, ಮಾಡಿದ್ದನ್ನು ತನ್ನ ಬಾಯಲ್ಲಿ ಹೇಳಿ ಕೈ ಒಡ್ಡಿದರೆ, ಕಟ್ಟಿದವರು ಅವನೆದುರಿಗೆ ಗಂಟು ಬಿಚ್ಚಿ ಆ ಮಣ್ಣನ್ನು ಅವನ ಅಂಗೈಗೆ ಹಾಕುತ್ತಾರೆ. ಆಗ ಮಾತ್ರ ಅಮ್ಮ ಕಾಣಿಕೆ ತೆಗೆದುಕೊಳ್ಳುತ್ತಾಳೆ. ಕೋರ್ಟು ಜೈಲು ಎಲ್ಲ ಅದರ ಪಾಡಿಗೆ ಅದು.

ದೊಡ್ಡತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಿದಳು. "ಹುಯಿಲು ಎಲ್ಲದೆ ಅಯ್ಯ? ನಾನು ಬಿಚ್ಚಾಯ್ತಲ್ಲ."

ತಮ್ಮಡಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಯಾವಾಗ ಬಿಚ್ಚಿದೆ?"

"ಎರಡು ತಿಂಗಳಾಯ್ತು. ನೀನು ಮಗಳ ಮನೆಗೆ ಹೋಗಿದ್ದೆ. ಕಾಯಿ ಒಡೆದು, ಬಿಚ್ಚಿ, ಕೆರೆಗೆ ಬುಟ್ಟೆ."

"ಯಾಕವ್ವ?"

"ಯಾಕೆ ಅಂದ್ರೆ? ಶಿಕ್ಷೆ ಆಯ್ತಲ್ಲ. ಅವನೇ ಕಟ್ಟಿದ ಬೇಲಿ ಅವನೇ ಮುಟ್ಟಿದ. ನನ್ ಕಣ್ಣಾರೆ ಕಂಡೆ."

"ಎಲ್ಲಿ?"

"ಇಲ್ಲೇ. ಏಳೂವರೆಗೆ."

ತಮ್ಮಡಿ ಚೆಲುವಾಂಬೆಯ ಮುಖ ನೋಡಿದ. ಚೆಲುವಾಂಬೆ ಟೀವಿಯ ಕಡೆ ಬೆರಳು ತೋರಿಸಿದಳು. ಅವನು ಎದ್ದು ಒಳಗೆ ಬಗ್ಗಿ, ಕಪ್ಪಗೆ ಮಲಗಿದ್ದ ಪರದೆಯನ್ನು ನೋಡಿ, ಮತ್ತೆ ಬಂದು ಕೂತ.

"ನಾನು ನಲವತ್ತು ವರ್ಷದಿಂದ ಪೂಜೆ ಮಾಡ್ತಾ ಇವ್ನಿ," ಎಂದ ನಿಧಾನವಾಗಿ. "ಇಂಗೆ ಬಿಚ್ಚಿದ್ದು ಲೆಕ್ಕಕ್ಕೆ ಬತ್ತದೋ ಇಲ್ವೋ ನಂಗೆ ತಿಳೀದು. ಬಂದ್ರೆ, ಅವನ ಮೇಲೆ ಹುಯಿಲೇ ಇಲ್ಲ. ಹುಯಿಲಿಲ್ದೆ ಕಾಣಿಕೆ ಮಡಗಂಗಿಲ್ಲ. ಅಮ್ಮ ಯಾವ ತಪ್ಪಿಗೆ ತಕ್ಕಬೇಕು? ಬರದಿದ್ರೆ, ಬಿಚ್ಚೋಕೆ ಗಂಟಿಲ್ಲ."

"ಅವನಿಗೆ ಹೇಳು, ಮನೆಗೆ ಹೋಗಿ ಸುಖವಾಗಿರು ಅಂತ," ಎಂದಳು ದೊಡ್ಡತಾಯಮ್ಮ, ಅವರೆಕಾಯಿಯನ್ನು ಮೊರಕ್ಕೆ ಹಾಕುತ್ತ.

*

ಆದರೂ ಮಂಗಳವಾರ ಅವಳು ಹೋದಳು. ತಮ್ಮಡಿಯ ಮಾತು ತೆಗೆದುಹಾಕಬಾರದೆಂದು ಹೋದಳು. ಚೆಲುವಾಂಬೆಯೂ ಜೊತೆಗಿದ್ದಳು.

ಗುರುಸಿದ್ದ ಬೇವಿನ ಮರದ ಬುಡದಲ್ಲಿ ನಿಂತಿದ್ದ. ಟೀವಿಯವನಿಗಿಂತ ಮುದುಕನಾಗಿದ್ದ, ತಲೆ ನೆರೆತಿತ್ತು, ಹೆಗಲ ಮೇಲೆ ಟವೆಲೂ ಇರಲಿಲ್ಲ. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಅದರ ಮೇಲೆ ಒಂದು ಗೇಣುದ್ದದ ಬೆಳ್ಳಿಯ ತಂತಿ. ಬೇಲಿಯ ತಂತಿಯ ಗುರುತಿಗೆ ಅಕ್ಕಸಾಲಿಗನಿಂದ ಎಳೆಸಿಕೊಂಡು ಬಂದಿದ್ದ.

ಅವನನ್ನು ಕಂಡದ್ದೇ ಚೆಲುವಾಂಬೆಯ ಕಿವಿ ಬಿಸಿಯಾಯಿತು. ದಿನವೂ ನೂರು ಜನ ಪಾಪಿಗಳಿಗೆ ಶಿಕ್ಷೆ ಬರೆಯುವ ತನ್ನೊಳಗೆ ಇಷ್ಟು ಸಿಟ್ಟು ಹಾಗೇ ಉಳಿದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತಾಯಿ ಮಾತ್ರ ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ ಅವನನ್ನು ನೋಡಿದಳು.

"ಯಾವಾಗ ಬಂದ್ಯಪ್ಪ? ಸೊರಗಿದ್ದೀಯಲ್ಲ," ಎಂದಳು.

ಗುರುಸಿದ್ದ ಏನೇನೋ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ. ಅದೆಲ್ಲ ಮರೆತುಹೋಯಿತು. "ದೊಡ್ಡವ್ವ, ಬೇಲಿಗೆ ಕರೆಂಟು ಕೊಟ್ಟೋನು ನಾನು. ತಂತಿ ಬಾವಿಗೆ ಹಾಕ್ದೋನೂ ನಾನು. ಹಾವು ಅಂತ ಸುಳ್ಳು ಹೇಳಿ ನಿನಗೆ ಗಂಜಿ ಕುಡಿಸ್ದೋನು ನಾನು."

"ಗೊತ್ತು ಬುಡಪ್ಪ. ಆಯ್ತಲ್ಲ ಅದೆಲ್ಲ."

"ಬೈಯಿ ದೊಡ್ಡವ್ವ."

"ಏನಂತ ಬೈಯ್ಯಲಿ?"

"ಬಾಯಿಗೆ ಬಂದಂಗೆ ಬೈಯಿ. ಜೈಲಲ್ಲಿ ಅಷ್ಟೂ ವರ್ಸ ನೀನು ಬೈಯ್ಯದನ್ನೇ ನೆನಸ್ಕಂಡಿದ್ದೆ. ನಿದ್ದೇಲೂ ಬೈಯ್ತಿದ್ದೆ ನೀನು."

ದೊಡ್ಡತಾಯಮ್ಮ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. ಸೊಂಟದ ಚೀಲದಲ್ಲಿ ಇಲ್ಲದ ಅಡಿಕೆ ತುಂಡು ಹುಡುಕುವವರ ಹಾಗೆ. ಆಮೇಲೆ ತಲೆಯಾಡಿಸಿದಳು. "ಬತ್ತಾ ಇಲ್ಲ ಕನಪ್ಪ. ನಿನ್ ಮೇಲೆ ನಂಗೆ ಏನೂ ಇಲ್ಲ. ಒಂದು ಚೂರೂ ಇಲ್ಲ. ಮನೆಗೆ ಬಾ, ಮಜ್ಜಿಗೆ ಕುಡ್ದು ಹೋಗು."

ಅವನ ಮುಖ ನೋಡಲಾಗಲಿಲ್ಲ. ಶಾಪ ಹಾಕಿದ್ದರೂ ಮನುಷ್ಯ ಹಾಗೆ ಕುಸಿಯುತ್ತಿರಲಿಲ್ಲ. ತಮ್ಮಡಿ ತಟ್ಟೆಯನ್ನು ಮುಟ್ಟದೆ, ಬೇವಿನ ಕೊಂಬೆಯಲ್ಲಿ ಖಾಲಿ ಇದ್ದ ಜಾಗವನ್ನೇ ನೋಡುತ್ತ ನಿಂತ. "ಇದನ್ನ ಕ್ಷಮೆ ಅನ್ನಬೇಕೋ ಏನನ್ನಬೇಕೋ ನಂಗೊತ್ತಾಯ್ತಿಲ್ಲ," ಎಂದು ಗೊಣಗಿದ.

"ಮುಂದಿನ ಮಂಗಳವಾರ ಬತ್ತೀನಿ," ಎಂದ ಗುರುಸಿದ್ದ, ತಟ್ಟೆಯನ್ನು ಎದೆಗೊತ್ತಿಕೊಂಡು. "ಅದರ ಮುಂದಿನ ಮಂಗಳವಾರಾನೂ ಬತ್ತೀನಿ."

ಮನೆಗೆ ಬರುವ ದಾರಿಯಲ್ಲಿ ಚೆಲುವಾಂಬೆ ಸುಮ್ಮನೆ ಒಂದು ಮಾತು ಕೇಳಿದಳು. "ಅವ್ವ, ನಮ್ ಶಿವಸ್ವಾಮಿ ನೇರಳೆ ಮರದಿಂದ ಇವನನ್ನ ಹೊತ್ಕೊಂಡು ಬಂದನಲ್ಲ, ಅವತ್ತು ಯಾವ ಹಬ್ಬ?"

"ಯಾವ್ದೋ ಹಬ್ಬ," ಎಂದಳು ತಾಯಿ. "ನೆಪ್ಪಿಲ್ಲ."

ಚೆಲುವಾಂಬೆಗೆ ಆಗ ಅರಿವಾಯಿತು. ಎರಡು ಮೂರು ತಿಂಗಳಿಂದ ತಾಯಿ ಮಗನ ಹೆಸರನ್ನೇ ಎತ್ತಿರಲಿಲ್ಲ. ಮುಂಚೆ ಉಪ್ಪಿಟ್ಟು ಮಾಡಿದರೆ ಅವನ ಹೆಸರು, ಹಾಲು ಕರೆಯುವಾಗ ಹಸು ಒದ್ದರೆ ಅವನ ಹೆಸರು. ಡಬ್ಬಿ ಸಿಟ್ಟನ್ನು ದಿನವೂ ಒಂದೊಂದು ಸೌಟು ಹೊರಗೆ ಹಾಕಿತ್ತು. ಅದರ ಜೊತೆಗೆ ಇನ್ನೇನೇನು ಹೋಯಿತೋ.

*

ಬುಧವಾರ ಅವಳು ವಿಶ್ವಂಭರನನ್ನು ಕೇಳಿದಳು. "ನಮ್ಮನೆ ಕಥೆ ನಾನೇ ಬರೀಬೇಕು ಸರ್. ಮಂಗಳವಾರದ ತನಕ."

"ಏನು ಬರೀತೀರಿ?"

"ಅವನು ಸಾಯೋದು ಬೇಡ."

"ಉರಿಮುಡಿಯಮ್ಮ ಕ್ಷಮಿಸ್ತಾಳಾ?"

"ಗೊತ್ತಿಲ್ಲ ಸರ್. ಶಿಕ್ಷೆ ಕೊಡದೆ ನಿಲ್ತಾಳೆ. ಅಷ್ಟೇ ಗೊತ್ತಿರೋದು."

ವಿಶ್ವಂಭರ ತಲೆಯಾಡಿಸಿದ. "ನಾಡಿ ಏರುತ್ತೆ, ಇಳಿಯಲ್ಲ. ಅವರಿಗೆ ಅರವತ್ತಾರು. ಅದು ನಿಮ್ಮ ತಾಯಿ ಎದೆ ಕಣ್ರೀ, ಆಟದ ಸಾಮಾನಲ್ಲ."

"ಇಷ್ಟು ದಿನ ಏನಾಗಿತ್ತು ಸರ್ ಅದು?" ಎಂದಳು ಚೆಲುವಾಂಬೆ. ಕೆಣಕಬೇಕೆಂದಲ್ಲ, ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಅವನು ಒಪ್ಪಿದ. ಒಂದು ಷರತ್ತು: ನಾಡಿ ನೂರ ನಲವತ್ತು ದಾಟಿದರೆ ತಾನೇ ಅವನನ್ನು ಸಾಯಿಸಿ ದೀಪ ಹಸಿರು ಮಾಡುತ್ತೇನೆ ಎಂದ.

ಏಳೂವರೆಗೆ ಚೆಲುವಾಂಬೆ ಟೈಪ್ ಮಾಡಿದಳು. ಅವನು ಬೇಲಿ ಮುಟ್ಟುವುದಿಲ್ಲ. ಮಾಡಿದ್ದನ್ನು ಬಾಯಿಬಿಟ್ಟು ಹೇಳುತ್ತಾನೆ. ಉರಿಮುಡಿಯಮ್ಮ ಕೈ ಎತ್ತಿದವಳು ಕೇಳುತ್ತ ನಿಲ್ಲುತ್ತಾಳೆ.

ಮುಂದೇನು, ಎಂದು ಯಂತ್ರ ಕೇಳಿತು.

ತಿಳಿಯದು, ಎಂದು ಬರೆದಳು.

ಯಂತ್ರಕ್ಕೆ ಅಂಥ ಅಪ್ಪಣೆ ಯಾರೂ ಕೊಟ್ಟಿರಲಿಲ್ಲ. ಗೋಡೆಯ ಮೇಲೆ ಊರುಗಳು ಹಸಿರಾಗತೊಡಗಿದವು. ಎಂಟು ಗಂಟೆಗೆ ಎಲ್ಲ ತಣಿದು, ತೊರೆಹುಂಡಿಯ ಒಂದು ಚುಕ್ಕಿ ಕೆಂಪಗೆ ಉಳಿಯಿತು. ಅದರ ಪಕ್ಕದಲ್ಲಿ ಅಂಕಿ. ನೂರ ಹದಿನೆಂಟು. ನೂರ ಇಪ್ಪತ್ತೇಳು. ಚೆಲುವಾಂಬೆ ಆ ಅಂಕಿಯನ್ನು ನೋಡುತ್ತಿದ್ದಳು. ಹದಿನಾರು ಮೈಲಿ ಆಚೆ ಗೋಡೆಗೆ ಒರಗಿ ಕೂತ ಹೆತ್ತ ತಾಯಿ ಇಲ್ಲಿ ಒಂದು ಅಂಕಿಯಾಗಿ ಏದುಸಿರು ಬಿಡುತ್ತಿದ್ದಳು. ವಿಶ್ವಂಭರನ ಬೆರಳು ಗುಂಡಿಯ ಮೇಲಿತ್ತು. ನೂರ ಮೂವತ್ತಾರು. ಅವಳು ಸ್ವೆಟರಿನ ತೋಳಿನೊಳಗೆ ಕೈಮುಗಿದುಕೊಂಡು ಅಮ್ಮ ಅಮ್ಮ ಎನ್ನುತ್ತಿದ್ದಳು. ಏರಿಯ ಮೇಲಿನ ಅಮ್ಮನನ್ನೋ ಮನೆಯಲ್ಲಿದ್ದವಳನ್ನೋ ಅವಳಿಗೇ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಅಂಕಿ ಹೋಯಿತು. ಚುಕ್ಕಿಯೂ ಹೋಯಿತು.

"ಏನಾಯ್ತು ಸರ್?"

"ಡಬ್ಬಿ ಬಂದ್ ಆಗಿದೆ. ಕಿತ್ತಿರಬೇಕು." ವಿಶ್ವಂಭರ ಕುರ್ಚಿಯಿಂದ ಎದ್ದ. "ಬನ್ನಿ, ಕಾರಲ್ಲಿ ಬಿಡ್ತೀನಿ."

*

ಬಾಗಿಲು ತೆರೆದೇ ಇತ್ತು. ದೊಡ್ಡತಾಯಮ್ಮ ನಡುಮನೆಯಲ್ಲಿ ಹಳೆಯ ಟ್ರಂಕಿನ ಮುಂದೆ ಕೂತಿದ್ದಳು. ಸುತ್ತ ಬಟ್ಟೆಗಳು. ಎದೆಗನ್ನಡಿ ಡಬ್ಬಿ ತಂತಿ ಸಮೇತ ಮೂಲೆಯಲ್ಲಿ ಬಿದ್ದಿತ್ತು.

"ಯಾರನ್ನ ಕೇಳಿ ಬುಟ್ಟೆ ಅವನನ್ನ?" ಎಂದಳು. ಕೂಗಲಿಲ್ಲ. ಕೂಗಿದ್ದರೆ ಚೆಲುವಾಂಬೆಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಉರಿಮುಡಿಯಮ್ಮನ ಕೈ ಹಿಡ್ದೋಳು ನೀನೇ ಅಂತ ನಂಗೊತ್ತು. ಅವನು ಹೇಳ್ತಾನೆ, ಗಂಜಿ ಕುಡ್ಸಿದೆ ಅಂತ. ಅವಳು ನಿಂತ್ಕಂಡು ಕೇಳ್ತಾಳೆ. ನನ್ ಮಗನ ಮೈ ಇನ್ನೂ ಮಣ್ಣಲ್ಲಿ ಬಿಸಿ ಆರಿರಲಿಲ್ಲ. ಆ ಗಂಜಿಗೆ ಉಪ್ಪು ಸಾಲ್ದು ಅಂತ ಇವನು ಒಳಗೆ ಹೋಗಿ ಉಪ್ಪು ತಂದ. ನಮ್ಮನೇಲಿ ಉಪ್ಪು ಎಲ್ಲದೆ ಅಂತ ಗೊತ್ತಿತ್ತು ಅವನಿಗೆ."

ವಿಶ್ವಂಭರ ಹೊಸಿಲ ಆಚೆಯೇ ನಿಂತಿದ್ದ.

"ನೀನ್ಯಾರಪ್ಪ?"

"ಈ ಡಬ್ಬಿ ಮಾಡಿದವನು ತಾಯಿ."

"ಎತ್ಕಂಡು ಹೋಗು," ಎಂದಳು ದೊಡ್ಡತಾಯಮ್ಮ. "ನನ್ ಮಗನ ಮುಖ ನೆಪ್ಪು ಮಾಡ್ಕಬೇಕು ಅಂದ್ರೆ ಆ ಬಡ್ಡೈದನ ಮುಖಾನೇ ಬತ್ತದೆ. ಟ್ರಂಕು ತೆಗೀಬೇಕಾಯ್ತು ನಾನು."

ಅವಳ ಮಡಿಲಲ್ಲಿ ನೀಲಿ ಚೌಕಳಿಯ ಒಂದು ಅಂಗಿ ಇತ್ತು. ಕಾಲರಿಗೆ ಮುಖ ಒತ್ತಿದಳು. ಆಮೇಲೆ ಶಿವಸ್ವಾಮಿ ಎಂದಳು. ಇನ್ನೊಂದು ಸಲ ಎಂದಳು. ಐದು ವರ್ಷದ ಹಿಂದಿನ ಅಳು ಎಲ್ಲಿತ್ತೋ ಅಲ್ಲಿಂದಲೇ ಎದ್ದು ಬಂತು. ವಿಶ್ವಂಭರ ಡಬ್ಬಿ ಎತ್ತಿಕೊಂಡು ಕಾರಿಗೆ ಹೋದ.

ಆ ವಾರ ದೊಡ್ಡತಾಯಮ್ಮ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ನರ್ಸಮ್ಮ ಬಂದು ಬೈದು, ಮಾತ್ರೆಯನ್ನು ಮತ್ತೆ ಇಡಿಗೆ ಏರಿಸಿದಳು. "ಚೆನ್ನಾಗಿದ್ರಲ್ಲಮ್ಮ, ಏನ್ ಮಾಡಿದ್ರಿ ಇವರಿಗೆ?" ಎಂದು ಚೆಲುವಾಂಬೆಯನ್ನು ಕೇಳಿದಳು. ಚೆಲುವಾಂಬೆ ತನ್ನನ್ನೂ ಅದನ್ನೇ ಕೇಳಿಕೊಂಡಳು. ತಣ್ಣಗಿದ್ದ ಒಲೆಯನ್ನು ತಾನೇ ಕೆದಕಿ ತಾಯಿಯ ಕೈ ಸುಟ್ಟೆನೇ? ಅಥವಾ ಅದು ತಣ್ಣಗಾಗಿದ್ದದ್ದೇ ಸುಳ್ಳೇ? ದೇವರ ಮುಂದೆ ಕೂತರೆ ಒಂದು ದಿನ ಹೀಗೆ ಅನ್ನಿಸುತ್ತಿತ್ತು, ಇನ್ನೊಂದು ದಿನ ಹಾಗೆ.

*

ಮಂಗಳವಾರ ಬೆಳಿಗ್ಗೆ ದೊಡ್ಡತಾಯಮ್ಮ ಯಾರೂ ಕರೆಯದೆ ಎದ್ದಳು. ಮೊದಲು ಆ ಹೊಲಕ್ಕೆ ಹೋದಳು. ಈಗ ಅಲ್ಲಿ ಬೇಲಿಯೇ ಇರಲಿಲ್ಲ. ಒಂದು ಹಿಡಿ ಮಣ್ಣು ತೆಗೆದುಕೊಂಡಳು. ನೀಲಿ ಅಂಗಿಯ ಅಂಚು ಹರಿದು ಅದರಲ್ಲಿ ಸುತ್ತಿಕೊಂಡಳು.

ಏರಿಯ ಮೇಲೆ ಗುರುಸಿದ್ದ ಅದೇ ತಟ್ಟೆ ಹಿಡಿದು ನಿಂತಿದ್ದ. ಅವನ ಕಡೆ ನೋಡದೆ ಅವಳು ಬೇವಿನ ಮರದ ಬಳಿ ಹೋಗಿ ಗಂಟು ಕಟ್ಟಿದಳು. ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿ ಮಾಡಿದಳು. ಆಮೇಲೆ ತಿರುಗಿದಳು.

"ಹೇಳು ಈಗ."

ಅವನು ಹೇಳಿದ. ಹೋದ ವಾರದ ಮಾತೇ; ಆದರೆ ಈ ಸಲ ಒಂದೊಂದು ಮಾತೂ ಎಲ್ಲೋ ಹೋಗಿ ತಾಕುತ್ತಿತ್ತು. ಗಂಜಿಯ ಮಾತು ಬಂದಾಗ ದೊಡ್ಡತಾಯಮ್ಮ ಕೈ ಎತ್ತಿ ಅವನ ಕೆನ್ನೆಗೆ ಹೊಡೆದಳು. ತಟ್ಟೆ ಬಿತ್ತು. ಕಾಯಿ ಉರುಳಿತು.

"ಹಡಬೆ ನನ್ಮಗನೆ. ನನ್ ಕೈಲಿ ಉಂಡು ಬೆಳ್ದೋನು. ನಿಂಗೆ ಬೆರಳು ಮುರಿದಾಗ ಅವನು ಉಗಾದಿ ಹೋಳಿಗೆ ಬುಟ್ಟು ನಿನ್ನ ಹೊತ್ಕಂಡು ಓಡಿ ಬಂದ. ಹೊಸಾ ಅಂಗಿ, ಇದೇ ಅಂಗಿ, ರಕ್ತ ಆಗಿತ್ತು ಇದಕ್ಕೆ. ಅವನು ಸತ್ತು ಬಿದ್ದಾಗ ನೀನು ತಂತಿ ಸುತ್ತುತಾ ಕೂತಿದ್ದೆ. ಒಂದು ಗಳಿಗೆ ಅವನ ತಲೆ ತೊಡೆ ಮೇಲೆ ಮಡಗ್ಕಳಕ್ಕೆ ಆಗ್ಲಿಲ್ವಾ ನಿಂಗೆ? ನೀರು ಬುಟ್ಟಿದ್ಯಾ ಬಾಯಿಗೆ?"

"ಇಲ್ಲ ದೊಡ್ಡವ್ವ," ಎಂದ ಗುರುಸಿದ್ದ. "ಬುಡಲಿಲ್ಲ."

ಬಹಳ ಹೊತ್ತು ಬೈದಳು. ಊರಿನವರು ನಾಲ್ಕಾರು ಜನ ಕೆಳಗೆ ನಿಂತು ಕೇಳಿದರು. ಚೆಲುವಾಂಬೆಯೂ ಕೇಳುತ್ತ ನಿಂತಳು. ಅವಳ ಕಿವಿಯ ಬಿಸಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ಕೊನೆಗೆ ದೊಡ್ಡತಾಯಮ್ಮನಿಗೆ ಉಸಿರು ಸಾಲದೆ ಕಟ್ಟೆಯ ಮೇಲೆ ಕೂತಳು. ತಮ್ಮಡಿ ನೀರು ತಂದು ಕೊಟ್ಟ.

"ಬಿಚ್ಚುತೀಯಾ ತಾಯಮ್ಮ?" ಎಂದು ಮೆಲ್ಲಗೆ ಕೇಳಿದ.

ಅವಳು ಗಂಟನ್ನು ನೋಡಿದಳು. ಗುರುಸಿದ್ದನನ್ನು ನೋಡಿದಳು. ಅವನ ಕೆನ್ನೆಯಲ್ಲಿ ಬೆರಳಿನ ಗುರುತು ಎದ್ದಿತ್ತು.

"ಇಲ್ಲ. ಇವತ್ತು ಬಿಚ್ಚಕ್ಕಿಲ್ಲ."

"ಮುಂದಿನ ಮಂಗಳವಾರ ಬರ್ಲಾ ದೊಡ್ಡವ್ವ?" ಎಂದ ಅವನು.

"ಬರ್ದೆ ಎಲ್ಲಿಗೆ ಹೋಗ್ತೀಯಾ? ಬಾ. ಇನ್ನೂ ಬೇಕಾದಷ್ಟದೆ ಬೈಯ್ಯದು."

ಅವನು ಕಾಯಿ, ಹಣ್ಣು, ಬೆಳ್ಳಿಯ ತಂತಿ ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿಕೊಂಡ. ಹೋದ ವಾರ ಎಲ್ಲಕ್ಕೂ ಹೂಂ ಎನ್ನಿಸಿಕೊಂಡು ಹೋದಾಗ ಕುಸಿದಿದ್ದ ಹೆಗಲು, ಈಗ ಇಲ್ಲ ಎನ್ನಿಸಿಕೊಂಡ ಮೇ‌ಲೆ ಎಷ್ಟೋ ನೆಟ್ಟಗಿತ್ತು. ತಾನು ಕಂಡದ್ದು ಶಿಕ್ಷೆಯೋ ಇನ್ನೊಂದೋ ಎಂದು ಚೆಲುವಾಂಬೆ ತಮ್ಮಡಿಯ ಮುಖ ನೋಡಿದಳು. ತಮ್ಮಡಿ ಅವಳ ಮುಖ ನೋಡುತ್ತಿದ್ದ.

ಗುರುಸಿದ್ದ ಏರಿಯಿಂದ ಇಳಿಯಲು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ ದೊಡ್ಡತಾಯಮ್ಮನ ಗದರಿಕೆ ಕೇಳಿಸಿತು.

"ಪಾಚಿ ಅದೆ ಅಲ್ಲಿ. ನೋಡ್ಕಂಡು ಇಳಿ."

ಅಂದವಳು ತಾನೇ ಬೆಚ್ಚಿದಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಗುರುಸಿದ್ದ ನಿಂತ. ತಿರುಗಿ ನೋಡಲಿಲ್ಲ. ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಅವಳು ಹೇಳಿದ ಹಾಗೆಯೇ, ಒಂದೊಂದು ಮೆಟ್ಟಿಲನ್ನೂ ನೋಡಿಕೊಂಡು ಇಳಿದ.